ಕುಲಾವಿ ಹಾಕಿದ ಕುಂಬಳಕಾಯಿ

ಆ ಕಾರನ್ನು ನಾನು ಮೊದಲ ದಿನದಿಂದಲೂ ನಂಬಲಿಲ್ಲ. ಈಗ ಪೂರ್ತಿ ನಂಬಿದ್ದೇನೆ ಎಂದು ನಮ್ಮ ಮನೆಯವರು ಯಾರಾದರೂ ಹೇಳಿದರೆ ಅವರನ್ನೂ ನಂಬಬೇಡಿ.

ಕಾರು ನನ್ನ ಮೊಮ್ಮಗಳ ಗಂಡನದು. ಅವನ ಊರು ಜಗಳೂರು ತಾಲ್ಲೂಕಿನ ಸೊಕ್ಕೆ. ಕೆಲಸ ಮಾತ್ರ ಹೊನ್ನಾಳಿ, ನ್ಯಾಮತಿ ಕಡೆ. ಅಲ್ಲೆಲ್ಲಾದರೂ ಗಾಡಿಗಳು ಗುದ್ದಿಕೊಂಡರೆ ಅವನು ಹೋಗಬೇಕು. ನುಜ್ಜಾದ ಗಾಡಿಯ ಸುತ್ತ ಸುತ್ತಿ, ಕೆಳಗೆ ಬಗ್ಗಿ, ಫೋಟೋ ತೆಗೆದು, ಯಾವುದು ಹೋಗಿದೆ ಯಾವುದು ಉಳಿದಿದೆ ಎಂದು ವಿಮೆಯವರಿಗೆ ಬರೆದು ಕಳಿಸಬೇಕು. ಹುಡುಗ ಒಳ್ಳೆಯವನೇ, ಆದರೆ ನಗು ಕಡಿಮೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಹಪ್ಪಳವನ್ನು ಮುರಿಯುವ ಮುಂಚೆ ಒಂದು ಸಲ ತಿರುಗಿಸಿ ನೋಡುತ್ತಾನೆ.

ಇಂಥವನು ಒಂದು ಭಾನುವಾರ ಚನ್ನಗಿರಿಯ ನಮ್ಮ ಮನೆ ಮುಂದೆ ಬೆಳ್ಳಿ ಬಣ್ಣದ ಕಾರು ತಂದು ನಿಲ್ಲಿಸಿದ.

"ನ್ಯಾಮತ್ಯಾಗೆ ತಗಂಡೆ, ಅಜ್ಜಿ. ಸೆಕೆಂಡ್ ಹ್ಯಾಂಡು. ಒಬ್ರೇ ಓಡ್ಸಿದ್ದು."

ದಿನವೂ ಗುದ್ದಿದ ಗಾಡಿಗಳ ನಡುವೆ ಇರುವವನು ಗುದ್ದದ ಗಾಡಿಯನ್ನು ಎಲ್ಲಿಂದ ಹುಡುಕಿ ತಂದಾನು? ನಾನು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದೆ. ಮುಂದಿನ ಬಂಪರನ್ನು ಬೆರಳಿನಿಂದ ತಟ್ಟಿದೆ. ಟೊಳ್ಳು ಸದ್ದು. ಹೆಬ್ಬೆರಳಿನಿಂದ ಒತ್ತಿದೆ. ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬಂತು.

"ಇದೇನಪ್ಪಾ, ಕಾರೋ ಬಕೇಟೋ?"

"ಅದು ಹಂಗೇ ಇರ್ಬೇಕು, ಅಜ್ಜಿ."

"ಯಾಕೆ? ಬಟ್ಟೆ ನೆನೆಸಾಕಾ?"

ಕೂಸಿಗೆ ಹಾಲು ಕುಡಿಸುತ್ತಿದ್ದ ಮೊಮ್ಮಗಳು ಒಳಗಿನಿಂದಲೇ ಕಿಸಕ್ಕೆಂದಳು. ಅಳಿಯ ನಗಲಿಲ್ಲ. "ಮುಂದಿಂದು ಮೆತ್ತಗಿದ್ರೆ ಒಳಗಿರೋರು ಉಳೀತಾರೆ," ಎಂದ. ಮಾರುವವನು ಹೇಳಬೇಕಾದ ಮಾತನ್ನು ಕೊಂಡವನೇ ಹೇಳಿದರೆ ನನ್ನ ಅನುಮಾನ ಎರಡು ಪಟ್ಟಾಗುತ್ತದೆ.

ನಮ್ಮ ಯಜಮಾನರ ಕಾಲದಲ್ಲಿ ಮನೆಯಲ್ಲೊಂದು ಹಳೇ ಜೀಪಿತ್ತು. ಅದು ಒಮ್ಮೆ ನಲ್ಲೂರಿನ ಹತ್ತಿರ ಹುಣಸೇಮರಕ್ಕೆ ಗುದ್ದಿತು. ಬಂಪರಿಗೆ ಅಂಟಿದ್ದ ತೊಗಟೆ ಒರೆಸಿ ಅದೇ ಜೀಪಿನಲ್ಲಿ ಮನೆಗೆ ಬಂದರು. ಜೀಪಿಗೆ ಒಂದು ಗೀರೂ ಆಗಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅವರ ಮುಂದಿನ ಹಲ್ಲುಗಳು ಹೋಗಿದ್ದವು. ಎದೆಯ ಮೇಲೆ ಸ್ಟೇರಿಂಗಿನ ದುಂಡು ಗುರುತು ತಿಂಗಳುಗಟ್ಟಲೆ ಹಸಿರುಗಟ್ಟಿಕೊಂಡಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗಾಡಿ ಎಂದರೆ ಹಾಗಿರಬೇಕು ಎಂದೇ ಎಲ್ಲರೂ ಅಂದರು.

ಕಾರೊಂದೇ ಆಗಿದ್ದರೆ ನಾನು ಬಂಪರು ತಟ್ಟಿ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಅಳಿಯ ಡಿಕ್ಕಿ ತೆರೆದು ಒಂದು ದೊಡ್ಡ ರಟ್ಟಿನ ಡಬ್ಬಿ ಇಳಿಸಿದ. ಡಬ್ಬಿಯೊಳಗೆ ಕೂಸನ್ನು ಕೂರಿಸುವ ಕುರ್ಚಿ. ಕಾಲಿಲ್ಲದ ಕುರ್ಚಿ. ಅದರ ತುಂಬ ಪಟ್ಟಿಗಳು, ಬಕ್ಕಲುಗಳು. ಅದನ್ನು ಹಿಂದಿನ ಸೀಟಿಗೆ ಬಿಗಿದು ಕಟ್ಟಬೇಕಂತೆ. ಕೂಸಿನ ಮುಖ ಕಾರಿನ ಹಿಂದಕ್ಕೆ ಇರಬೇಕಂತೆ. ತಪ್ಪು ಮಾಡಿದ ಮಕ್ಕಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರಲ್ಲ, ಹಾಗೆ.

"ಕೂಸು ಸೊಕ್ಕೆಗೆ ಇದರಾಗೇ ಬರ್ಲಿ, ಅಜ್ಜಿ," ಎಂದ.

ಆಗ ನನಗೆ ಮೈ ಉರಿಯಿತು. ನಮ್ಮ ಮನೆತನದಲ್ಲಿ ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಒಂದು ಪದ್ಧತಿ ಇದೆ. ತವರಿನ ಹೊಸ್ತಿಲು ದಾಟಿದ ಕೂಸು ಆ ಕಡೆಯ ಹೊಸ್ತಿಲು ದಾಟುವವರೆಗೆ ಮನೆಯ ಹಿರಿಯ ಹೆಂಗಸಿನ ಮಡಿಲಲ್ಲೇ ಇರಬೇಕು, ನೆಲಕ್ಕೆ ಇಳಿಸಬಾರದು. ನನ್ನ ಮಗ ನನ್ನ ಅಜ್ಜಿಯ ಮಡಿಲಲ್ಲಿ ಎತ್ತಿನ ಗಾಡಿಯಲ್ಲಿ ಬಂದ. ಈ ಮೊಮ್ಮಗಳು ನನ್ನ ಸೊಸೆಯ ಅಜ್ಜಿಯ ಮಡಿಲಲ್ಲಿ ಬಸ್ಸಿನಲ್ಲಿ ಬಂದಳು. ಈಗ ಹಿರಿಯ ಹೆಂಗಸು ನಾನು. ಇಷ್ಟು ವರ್ಷ ಕಾದು ಕೂತ ಮೇಲೆ ಸರದಿ ಬಂದರೆ, ನನ್ನ ಜಾಗಕ್ಕೆ ಪ್ಲಾಸ್ಟಿಕ್ಕಿನ ಕುರ್ಚಿ ಬಂದು ಕೂತಿತ್ತು.

"ನಾನು ಮುಂದಿನ ಸೀಟಿನಾಗೆ ಕೂಸಿನ ಹಿಡ್ಕಂಡು ಕೂತ್ಕಂತೀನಿ. ಹಿಂದೆ ಕೂತ್ರೆ ನಂಗೆ ವಾಂತಿ ಬರ್ತೈತೆ," ಎಂದೆ.

"ಮುಂದೆ ಏರ್‌ಬ್ಯಾಗ್ ಐತೆ, ಅಜ್ಜಿ. ಗುದ್ದಿದ್ರೆ ಕಣ್ಣು ಮುಚ್ಚಿ ಬಿಡೋದ್ರಾಗೆ ಉಬ್ಬಿ ಹೊರಗೆ ಹಾರ್ತೈತೆ. ಮಡ್ಲಾಗೆ ಕೂಸಿದ್ರೆ..." ಅಲ್ಲಿಗೆ ನಿಲ್ಲಿಸಿದ.

"ಇದ್ರೆ ಏನು?"

"ಬ್ಯಾಡ, ಅಜ್ಜಿ."

"ಏನು ಬ್ಯಾಡ? ಹೇಳಾಕೆ ಬ್ಯಾಡವೋ, ಕೂರಾಕೆ ಬ್ಯಾಡವೋ?"

ಅವನು ಪಟ್ಟಿಗಳನ್ನು ಬಿಡಿಸುತ್ತಾ ತಲೆ ತಗ್ಗಿಸಿದ. ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವತ್ತೇ ನನಗೆ ಗೊತ್ತಾಯಿತು. ಒಂದೋ ಕಾರು ಗುದ್ದಿದ್ದು. ಇಲ್ಲವೇ ನನ್ನ ಕೈಗಳಲ್ಲಿ ಕಸುವಿಲ್ಲ ಎಂದು ಅವನ ಮನಸ್ಸಿನಲ್ಲಿದೆ. ಎರಡೂ ಇದ್ದರೂ ಇರಬಹುದು.

ಅವನು ಕಾರನ್ನು ನಮ್ಮಲ್ಲೇ ಬಿಟ್ಟು ಬಸ್ಸಿನಲ್ಲಿ ಹೊನ್ನಾಳಿಗೆ ಹೋದ. ಮುಂದಿನ ವಾರವೇ ಕೂಸನ್ನು ಕರೆದುಕೊಂಡು ಹೋಗುವ ದಿನ ಗೊತ್ತಾಗಿತ್ತು. ನನಗೆ ಒಳ್ಳೆಯ ಅವಕಾಶ. ಬಾಣಂತನದ ಬಿಡುವಿನಲ್ಲಿ ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದ್ದಳು. ನಾನು ಒಂದು ಬೆರಳಿನಲ್ಲೇ ಒತ್ತುತ್ತೇನೆ. ನಾನು ಅರ್ಧ ಬರೆಯುವಷ್ಟರಲ್ಲಿ ಫೋನು ತಾನೇ ಮುಂದಿನ ಮಾತು ಎತ್ತಿಕೊಡುತ್ತದೆ. ನನ್ನ ಮನಸ್ಸಿನಲ್ಲಿರುವುದು ಅದಕ್ಕೆ ಹೇಗೆ ಗೊತ್ತು ಎನ್ನುವುದು ಬೇರೆಯೇ ಅನುಮಾನ. ಅದು ಇನ್ನೂ ಬಗೆಹರಿದಿಲ್ಲ.

ಮರುದಿನ ಬೆಳಿಗ್ಗೆ ಅಳಿಯನಿಗೆ ಬರೆದೆ: ಎಡಗಡೆ ಬಾನೆಟ್ಟಿನ ಸಂದಿ ಬಲಗಡೆಗಿಂತ ಅಗಲ ಐತೆ, ಯಾಕೆ? ಮಧ್ಯಾಹ್ನ ಬರೆದೆ: ಎಡಗಡೆ ಬಣ್ಣ ಹೆಚ್ಚು ಹೊಳೀತೈತೆ, ಯಾಕೆ? ಸಂಜೆ ಬರೆದೆ: ಕೀ ತಿರುಗಿಸಿದ್ರೆ ಕೆಂಪು ದೀಪ ಬಂದು ಹೋಗ್ತೈತೆ. ದೀಪದಾಗೆ ಒಬ್ಬ ಮನುಷ್ಯ ಹೊಟ್ಟೆ ಮುಂದೆ ಕುಂಬಳಕಾಯಿ ಹಿಡ್ಕಂಡು ಕೂತವ್ನೆ. ಯಾರವನು?

ಮೂರಕ್ಕೂ ಸೇರಿಸಿ ಉತ್ತರ ಬಂತು. ಎಡಗಡೆಗೆ ಹಳೇ ಓನರಿನ ಎಮ್ಮೆ ಕೊಂಬು ಉಜ್ಜಿತ್ತಂತೆ, ಅದಕ್ಕೆ ಬಣ್ಣ ಹೊಡೆಸಿದ್ದಂತೆ. ಕುಂಬಳಕಾಯಿ ಹಿಡಿದವನು ಏರ್‌ಬ್ಯಾಗಿನ ಗುರುತಂತೆ. ಆ ದೀಪ ಹತ್ತಿ ಆರಿದರೆ ಚೀಲ ಸರಿಯಾಗಿದೆ ಎಂದರ್ಥ, ಹತ್ತದೇ ಇದ್ದರೆ ಅಥವಾ ಆರದೇ ಇದ್ದರೆ ತನಗೆ ಫೋನ್ ಮಾಡಿ ಎಂದಿದ್ದ. ಎಮ್ಮೆಯ ಕಥೆಯನ್ನು ನಾನು ನಂಬಲಿಲ್ಲ. ದೀಪವನ್ನು ಮಾತ್ರ ದಿನಕ್ಕೆ ನಾಲ್ಕೈದು ಸಲ ಹಚ್ಚಿಸಿ ನೋಡಿದೆ. ಕೀ ತಿರುಗಿಸಲು ಮಗನನ್ನು ಕರೆಯುತ್ತಿದ್ದೆ.

"ಅವ್ವಾ, ಬ್ಯಾಟ್ರಿ ಖಾಲಿ ಮಾಡಿ ನೀನೇ ತಳ್ಳಂಗೆ ಮಾಡ್ತೀಯ," ಎಂದು ಅವನು ಗೊಣಗುತ್ತಿದ್ದ. ಆದರೆ ಕುರ್ಚಿಯ ವಿಷಯದಲ್ಲಿ ಅವನು ನನ್ನ ಕಡೆ. "ನಮ್ಮವ್ವ ತುಂಬಿದ ಕೊಡ ಹಿಡ್ಕಂಡು ಮೆಟ್ಲು ಹತ್ತಾಳೆ. ಕೂಸು ಹಿಡ್ಕಳ್ಳಾಕೆ ಆಗಲ್ವಾ? ಕುರ್ಚಿ ಗಿರ್ಚಿ ಎಲ್ಲ ದುಡ್ಡಿನ ದಂಡ."

ಸೊಸೆ ಯಾರ ಕಡೆಯೂ ಅಲ್ಲ. ಅವಳು ಯಾವ ಜಗಳದಲ್ಲೂ ಬೆಳ್ಳುಳ್ಳಿ ಸುಲಿಯುತ್ತಾ ಕೂರುವವಳು. ಪಾಪ ಮೊಮ್ಮಗಳೇ ಒಂದು ಸಂಜೆ ಕೂಸನ್ನು ಭುಜಕ್ಕೆ ಹಾಕಿಕೊಂಡು ಅಳುವ ಧ್ವನಿ ಮಾಡಿದಳು.

"ಇವ್ರು ಹೇಳಿದ್ದು ಕೇಳಿದ್ರೆ ಅಜ್ಜಿಗೆ ಬ್ಯಾಸರ, ಅಜ್ಜಿ ಹೇಳಿದ್ದು ಕೇಳಿದ್ರೆ ಇವ್ರು ರಾತ್ರಿಯೆಲ್ಲ ನಿದ್ದೆ ಮಾಡಲ್ಲ. ನಂಗೆ ಕುರ್ಚೀನೂ ಬ್ಯಾಡ, ಮಡ್ಲೂ ಬ್ಯಾಡ. ನನ್ನ ಮಗ್ಳು ಸುಮ್ನೆ ಸೊಕ್ಕೆಗೆ ಮುಟ್ಟಿದ್ರೆ ಸಾಕು."

ಅವಳ ಭುಜದ ಮೇಲಿನಿಂದ ಕೂಸು ನನ್ನನ್ನೇ ನೋಡುತ್ತಿತ್ತು. ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಿತು. ನಾನು ಯೋಚನೆ ಮಾಡಿದೆ. ನನ್ನ ಮಾತು ಗೆಲ್ಲುವುದೋ ಅವನ ಮಾತು ಗೆಲ್ಲುವುದೋ ಎಂದು ಜಗಳವಾಡುವುದಕ್ಕಿಂತ ಒಂದು ಸಲ ನೋಡಿಯೇ ಬಿಡುವುದು ವಾಸಿ. ಕುರ್ಚಿಯ ಬಂಡವಾಳವೂ ಬಯಲಾಗುತ್ತದೆ.

ದೀಪದೊಳಗಿನ ಮನುಷ್ಯನೇ ನನಗೆ ದಾರಿ ತೋರಿಸಿದ.

ಸಂತೇಬೆನ್ನೂರಿನ ಸಂತೆಗೆ ಮಗನ ಜೊತೆ ಹೋದೆ. ಕುಂಬಳಕಾಯಿ ರಾಶಿಯ ಮುಂದೆ ಕೂತು ಒಂದೊಂದನ್ನೇ ಎತ್ತಿ, ತೋಳಿನ ಮೇಲೆ ಮಲಗಿಸಿಕೊಂಡು, ಕೂಸಿನ ತೂಕಕ್ಕೆ ಬರುತ್ತದೆಯೋ ಎಂದು ನೋಡಿದೆ. ಹಗುರಾದದ್ದನ್ನು ಕೆಳಗಿಟ್ಟೆ. ಮಾರುವ ಸಾಬರ ಹೆಂಗಸು ಬಹಳ ಹೊತ್ತು ನನ್ನನ್ನೇ ನೋಡಿದಳು.

"ಏನಮ್ಮಾ, ಕಾಯಿ ತಗಂಡೀರೋ, ಜೋಗುಳ ಹಾಡೀರೋ?"

"ಎರಡೂ ಮಾಡ್ತೀನವ್ವ. ನಮ್ಮ ಕೂಸಿನಷ್ಟೇ ತೂಕ ಇರೋವು ಎರಡು ಬೇಕು. ತೊಟ್ಟು ಗಟ್ಟಿ ಇರ್ಲಿ."

"ಅಯ್ಯೋ ದೇವ್ರೇ, ಅವಳಿ ಜವಳಿ!" ಎಂದು ಅವಳು ಪಕ್ಕದ ಈರುಳ್ಳಿಯವನಿಗೆ ಹೇಳಿ ನಕ್ಕಳು. ನನ್ನ ಮಗ ದೂರ ಹೋಗಿ ನಿಂತು, ಈ ಮುದುಕಿ ಯಾರೋ ತನಗೆ ಗೊತ್ತೇ ಇಲ್ಲ ಎನ್ನುವಂತೆ ಮೆಣಸಿನಕಾಯಿ ನೋಡುತ್ತಿದ್ದ.

ಸೊಕ್ಕೆಗೆ ಹೊರಡುವ ಹಿಂದಿನ ದಿನ ಅಳಿಯ ಬಂದ. ಬಂದವನೇ ಕುರ್ಚಿಯನ್ನು ಹಿಂದಿನ ಸೀಟಿಗೆ ಕಟ್ಟಿ, ಅಲ್ಲಾಡಿಸಿ ನೋಡಿ, ಸ್ನಾನಕ್ಕೆ ಹೋದ. ಊಟವಾದ ಮೇಲೆ ನಾನು ಎರಡು ಕಾಯಿಗಳನ್ನೂ ತಂದು ಅವನ ಮುಂದಿಟ್ಟೆ. ಒಂದಕ್ಕೆ ಕೂಸಿನ ಹಸಿರು ಉಣ್ಣೆಯ ಕುಲಾವಿ ತೊಡಿಸಿ ಗದ್ದದ ಕೆಳಗೆ ದಾರ ಕಟ್ಟಿದ್ದೆ.

"ನಡೀರಿ ಅಳಿಯಂದ್ರೇ, ಊರಾಚೆ ಮೈದಾನಕ್ಕೆ. ನಾನು ಇದನ್ನ ಮಡ್ಲಾಗೆ ಇಟ್ಕಂತೀನಿ. ನೀವು ಬ್ರೇಕ್ ಹೊಡೀರಿ. ಬಿದ್ರೆ ನಿಮ್ಮ ಮಾತು, ಬೀಳ್ದಿದ್ರೆ ನನ್ನ ಮಾತು."

ಅಳಿಯ ಕುಂಬಳಕಾಯಿಯನ್ನು ನೋಡಿದ, ಕುಲಾವಿಯನ್ನು ನೋಡಿದ, ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ. "ಬೆಲ್ಟ್ ಹಾಕ್ಕಂಡ್ರೆ ಮಾತ್ರ," ಎಂದ.

ಮಗನೂ ಸೊಸೆಯೂ ಬಂದರು. ಮೊಮ್ಮಗಳು ಕೂಸನ್ನು ಎತ್ತಿಕೊಂಡು ಮೈದಾನದ ಬೇಲಿಯ ಹತ್ತಿರ ನೆರಳಿನಲ್ಲಿ ನಿಂತಳು. ಹಿಂದೆ ಕೂರುವವರಿಗೂ ಬೆಲ್ಟ್ ಬೇಕೆಂದು ಅಳಿಯ ಹಟ ಹಿಡಿದ. ಹಿಂದಿನ ಸೀಟಿನಲ್ಲಿ ಬೆಲ್ಟ್ ಇತ್ತು, ಅದನ್ನು ಸಿಕ್ಕಿಸುವ ಜಾಗವೇ ಇರಲಿಲ್ಲ. ಕೂರುವವರಿಗೆ ಚುಚ್ಚುತ್ತದೆ ಎಂದು ಹಳೇ ಓನರು ಅದರ ಮೇಲೆಯೇ ಸೀಟಿನ ಕವರು ಹೊಲಿಸಿ ಬಿಟ್ಟಿದ್ದ. ಕುರ್ಚಿಗೆ ಬೇಕಾದ ಒಂದನ್ನಷ್ಟೇ ಅಳಿಯ ಹೊರಗೆ ಎಳೆದಿದ್ದ. ಉಳಿದವನ್ನು ನಾನೇ ಕೈ ತೂರಿಸಿ ಹುಡುಕಿದೆ. ಕಡಲೆಕಾಯಿ ಸಿಪ್ಪೆ, ಒಂದು ಹೇರ್‌ಪಿನ್ನು, ಅಡಿಕೆ ಹೋಳು, ಅದರಡಿಯಲ್ಲಿ ಬಕ್ಕಲುಗಳು, ಹೊಚ್ಚ ಹೊಸದರಂತೆ. ಯಾರೂ ಒಂದು ಸಲವೂ ಮುಟ್ಟಿರಲಿಲ್ಲ.

ನಾನು ಮುಂದೆ ಕೂತು, ಕಾಯಿಯನ್ನು ಎದೆಗೆ ಒತ್ತಿಕೊಂಡೆ. ಕಾರು ಹೊರಟಿತು. ಜೋರಾಗಿಯೇನೂ ಅಲ್ಲ, ನಮ್ಮ ಪೇಟೆ ಬೀದಿಯಲ್ಲಿ ಆಟೋ ಹೋಗುವಷ್ಟು. ಯಾವಾಗ ಬ್ರೇಕ್ ಹಾಕುವುದೆಂದು ಹೇಳಬೇಡ ಎಂದು ನಾನೇ ಅಂದಿದ್ದೆ. ಎದುರಿಗೆ ಮೇಯುತ್ತಿದ್ದ ಕುರಿಗಳನ್ನು ನೋಡುತ್ತಿದ್ದೆ. ಒಮ್ಮೆಲೇ ಕಾರು ನಿಂತಿತು. ಬೆಲ್ಟು ನನ್ನ ಭುಜವನ್ನು ಹಿಡಿದುಕೊಂಡಿತು. ಕುಂಬಳಕಾಯಿ ನನ್ನ ತೋಳಿನಿಂದ ಜಾರಿ ಕಾಲ ಹತ್ತಿರ ಧಡ್ ಎಂದು ಬಿತ್ತು.

"ಮೋಸ! ಬೇಕಂತ್ಲೇ ಜೋರಾಗಿ ಒತ್ತಿದ್ರಿ," ಎಂದೆ.

"ಬ್ರೇಕ್ ಬೇಕಂತ್ಲೇ ಅಲ್ವಾ ಒತ್ತೋದು?"

"ನೀವು ಇಳೀರಿ. ನನ್ನ ಮಗ ಓಡಿಸ್ಲಿ. ಅವನು ನನ್ನ ಕಡೆ."

ಮಗ ಬಂದು ಕೂತ. ಈ ಸಲ ನಾನು ಸುಮ್ಮನೆ ಕೂರಲಿಲ್ಲ. ಎರಡೂ ಕೈಗಳ ಬೆರಳುಗಳನ್ನು ಹೆಣೆದು, ಹಲ್ಲು ಕಚ್ಚಿ, ಕಾಯಿಯನ್ನು ಕುಲಾವಿ ಸಮೇತ ಅವುಚಿಕೊಂಡೆ. ನನ್ನ ಕೈಯಿಂದ ಅದನ್ನು ಕಿತ್ತುಕೊಳ್ಳಬೇಕಾದರೆ ಪೈಲ್ವಾನನೇ ಬರಬೇಕು ಅಂದುಕೊಂಡೆ. ಮಗ ಸ್ವಲ್ಪ ಜೋರಾಗಿಯೇ ಓಡಿಸಿದ. ಅವ್ವ ಗೆಲ್ಲಲಿ ಎಂದು ಅವನಿಗೆ ಹುರುಪು. ಬ್ರೇಕ್ ಒತ್ತಿದ.

ಎದುರಿನ ಡ್ಯಾಶ್‌ಬೋರ್ಡಿಗೆ ಕಾಯಿ ಬಡಿದ ಸದ್ದು ಬಂತು. ಆಮೇಲೆ ನನ್ನ ಕಾಲಿನ ಮೇಲೆ ತಣ್ಣಗೆ ಬೀಜ, ತಿರುಳು. ನಾನು ನನ್ನ ಕೈ ನೋಡಿಕೊಂಡೆ. ಹೆಣೆದ ಬೆರಳುಗಳು ಹೆಣೆದ ಹಾಗೇ ಇದ್ದವು. ಅವುಗಳ ನಡುವೆ ಹಸಿರು ಕುಲಾವಿ ಇತ್ತು. ಒಳಗೆ ಏನೂ ಇರಲಿಲ್ಲ.

ಮಗ ಸ್ಟೇರಿಂಗ್ ಬಿಟ್ಟಿರಲಿಲ್ಲ. ಬೇಲಿಯ ಹತ್ತಿರ ಮೊಮ್ಮಗಳು ಕೂಸನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡದ್ದು ಕಂಡಿತು.

ನಾನು ಕಾರಿನಿಂದ ಇಳಿದು ಸೀರೆಯ ನೆರಿಗೆ ಕೊಡವಿದೆ. ಸೋತದ್ದನ್ನು ಅಷ್ಟು ಸುಲಭವಾಗಿ ಒಪ್ಪುವವಳಲ್ಲ ನಾನು.

"ಸರಿ. ಮಡಿಲು ಸಾಲಲ್ಲ. ಕುರ್ಚಿ ಸಾಲ್ತೈತೆ ಅಂತ ಯಾರು ಹೇಳಿದ್ದು? ಅದನ್ನೂ ನೋಡಾಣ."

ಕುಲಾವಿಯನ್ನು ಇನ್ನೊಂದು ಕಾಯಿಗೆ ತೊಡಿಸಿ, ಕುರ್ಚಿಯಲ್ಲಿ ಕೂರಿಸಿ, ಪಟ್ಟಿ ಬಿಗಿದೆವು. ಈ ಸಲ ಅಳಿಯನೇ ಓಡಿಸಿದ. ನಾನು ಹಿಂದೆ, ಕುರ್ಚಿಯ ಪಕ್ಕದಲ್ಲಿ ಬೆಲ್ಟ್ ಹಾಕಿಕೊಂಡು ಅದನ್ನೇ ಕಣ್ಣಿಟ್ಟು ನೋಡುತ್ತಾ ಕೂತೆ. ಅದು ಸೋಲಬೇಕೆಂದು ಮನಸ್ಸಿನ ಒಂದು ಮೂಲೆಯಲ್ಲಿ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಬ್ರೇಕ್ ಬಿತ್ತು. ಕಾಯಿ ಪಟ್ಟಿಯೊಳಗೇ ಇತ್ತು, ಆದರೆ ಕುರ್ಚಿಯೇ ಇಡೀ ಮುಂದಕ್ಕೆ ವಾಲಿ ಮುಂದಿನ ಸೀಟಿನ ಬೆನ್ನಿಗೆ ಹೋಗಿ ಗುದ್ದಿತು.

"ನೋಡಿದ್ರಾ! ನೋಡಿದ್ರಾ!" ಎಂದು ಕಿರುಚಿದೆ. ನಾಳೆ ಅದರಲ್ಲಿ ಕೂಸು ಕೂರಬೇಕಿತ್ತು ಎನ್ನುವುದು ತಲೆಗೆ ಹೊಳೆದ ಕೂಡಲೇ ಎರಡೂ ಕೈಯಿಂದ ಕುರ್ಚಿಯನ್ನು ಹಿಡಿದುಕೊಂಡೆ.

ಅಳಿಯ ಇಳಿದು ಓಡಿ ಬಂದು ಹಿಂದಿನ ಬಾಗಿಲು ತೆರೆದ. "ಬೆಳಿಗ್ಗೆ ನಾನೇ ಬಿಗಿದಿದ್ದೆ. ಒಂಚೂರೂ ಅಲ್ಲಾಡ್ತಿರ್ಲಿಲ್ಲ," ಎನ್ನುತ್ತಾ ಬೆಲ್ಟಿನ ಉದ್ದಕ್ಕೂ ಬೆರಳಾಡಿಸಿದ. ಕುರ್ಚಿಯ ಕೆಳಗೆ ಕೈ ಹಾಕಿದ. ನಾಲ್ಕು ಮಡಿಕೆ ಮಾಡಿದ ಒಂದು ಕೌದಿ ಹೊರಗೆ ಬಂತು.

ಅದು ನನ್ನ ಕೌದಿ. ಕೂಸಿಗೆಂದೇ ನನ್ನ ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದದ್ದು.

"ಅದು... ನಾನು ಹಾಸಿದ್ದೆ," ಎಂದಳು ಸೊಸೆ. ವಾರದಲ್ಲಿ ಅವಳ ಮೊದಲ ಮಾತು ಅದೇ ಇರಬೇಕು. "ಬಿಸಿಲಿಗೆ ಸೀಟು ಸುಡ್ತಿತ್ತು. ಕೂಸಿಗೆ ಮೆತ್ತಗಿರ್ಲಿ ಅಂತ. ನೀವು ಸ್ನಾನಕ್ಕೆ ಹೋದಾಗ ಬೆಲ್ಟು ಬಿಚ್ಚಿ, ಹಾಸಿ, ಮತ್ತೆ ಹಂಗೇ ಕಟ್ಟಿದ್ದೆ. ಬಿಗೀನೇ ಇತ್ತು."

"ಬಿಗಿ ಇತ್ತು ಅತ್ತೇರೆ, ಕೌದಿ ಉಬ್ಬಿದ್ದಾಗ," ಎಂದ ಅಳಿಯ. ಬೈಯಲಿಲ್ಲ. "ಬ್ರೇಕ್ ಬಿದ್ದಾಗ ಅದು ಅದುಮಿಕೊಂಡು ತೆಳ್ಳಗಾತು. ಅಷ್ಟೂ ಬೆಲ್ಟು ಸಡ್ಲಾತು."

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಇಳಿದು ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡೆ. ಅವಳು ಹಾಸದಿದ್ದರೆ ನಾನೇ ಹಾಸುತ್ತಿದ್ದೆ. ಕೂಸಿನ ಕೆಳಗೆ ಮೆತ್ತಗೆ ಏನಾದರೂ ಹಾಸದೆ ಕೂರಿಸುವ ಹೆಂಗಸು ನಮ್ಮ ಕಡೆ ಯಾರಿದ್ದಾರೆ?

"ಮೆತ್ತಗಿದ್ರೆ ಒಳ್ಳೇದು ಅಂತ ನೀವೇ ಅಂದ್ರಲ್ಲ? ಬಂಪರು ಮೆತ್ತಗಿರ್ಬೇಕು, ಕೌದಿ ಮೆತ್ತಗಿರ್ಬಾರ್ದು. ಇದ್ಯಾವ ಸೀಮೆ ನ್ಯಾಯ?" ಎಂದು ಅಳಿಯನನ್ನು ಕೇಳಿದೆ. ಅವನನ್ನು ಸಿಕ್ಕಿಸಬೇಕೆಂದೇ ಕೇಳಿದ್ದು.

ಅವನು ಮೈದಾನದ ಹುಲ್ಲಿನ ಮೇಲೆ ನಮ್ಮ ಎದುರಿಗೆ ಕೂತ. ಓಡುವ ಕಾರಿನಲ್ಲಿ ಕೂತವರೆಲ್ಲರೂ ಓಡುತ್ತಿರುತ್ತಾರೆ ಎಂದ. ಕಾರು ನಿಂತರೂ ಅವರ ಓಟ ನಿಲ್ಲುವುದಿಲ್ಲ. ಅದನ್ನು ಯಾರಾದರೂ ನಿಲ್ಲಿಸಬೇಕು. ಎಷ್ಟು ತೂಕವೋ ಎಷ್ಟು ವೇಗವೋ ಅಷ್ಟನ್ನೂ ಇಳಿಸಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಒಂದೇ ಏಟಿಗೆ ಇಳಿಸಿದರೆ ಮೂಳೆ ಮುರಿಯುವಷ್ಟು ಪೆಟ್ಟು. ಸ್ವಲ್ಪ ಹೊತ್ತು ಕೊಟ್ಟು ಇಳಿಸಿದರೆ ಪೆಟ್ಟು ಹಂಚಿಹೋಗುತ್ತದೆ. ಮುಂದಿನ ತಗಡು ಸುಕ್ಕಾಗುತ್ತಾ ಹೋಗುವುದು ಆ ಹೊತ್ತನ್ನು ಸಂಪಾದಿಸಿ ಕೊಡಲಿಕ್ಕೆ.

"ಆ ಹೊತ್ತು ಕಾರಿಗೆ ಸಿಕ್ತೈತೆ, ಅಜ್ಜಿ. ನಮಗೂ ಸಿಗ್ಬೇಕಂದ್ರೆ ನಾವು ಕಾರಿಗೆ ಅಂಟ್ಕಂಡಿರ್ಬೇಕು. ಬೆಲ್ಟು ಇರೋದು ಅದಕ್ಕೇ. ನಡುವೆ ಸಡಿಲ ಇದ್ರೆ, ಕಾರು ನಿಧಾನ ಆಗೋ ಹೊತ್ತೆಲ್ಲ ನಾವು ಸುಮ್ನೆ ಮುಂದಕ್ಕೆ ಹಾರ್ತಿರ್ತೀವಿ. ಕೊನಿಗೆ ಎಲ್ಲಾನೂ ಒಂದೇ ಏಟಿಗೆ."

ನನಗೆ ನಲ್ಲೂರಿನ ತವರುಮನೆ ನೆನಪಾಯಿತು. ಹಂಚು ತಿರುವುವ ದಿನ ಎಲ್ಲರೂ ಸಾಲಾಗಿ ನಿಂತು ಮೇಲಿನಿಂದ ಎಸೆದ ಹಂಚನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ನಾನು ಚಿಕ್ಕವಳು, ಕೈ ಸೆಟೆಸಿ ಎದುರಿಗೆ ಒಡ್ಡಿದೆ. ಹಂಚು ಅಂಗೈಗೆ ಬಡಿದು ಎರಡು ಹೋಳಾಯಿತು. ಚಿಕ್ಕಮ್ಮ ಕೂಗಿದಳು: "ಎದ್ರಿಗೆ ಒಡ್ಡಬ್ಯಾಡ್ವೇ! ಬರೋ ಹಂಚಿನ ಜೊತಿಗೇ ಕೈನೂ ಹಿಂದಕ್ಕೆ ತಗಂಡು ಹೋಗು!" ಹಾಗೆ ಮಾಡಿದ ಮೇಲೆ ಒಂದೂ ಒಡೆಯಲಿಲ್ಲ, ಅಂಗೈ ಉರಿಯಲಿಲ್ಲ.

ಇದನ್ನು ಹೇಳಿದೆ. "ಅದೇ ಅಜ್ಜಿ," ಎಂದ ಅಳಿಯ. "ಕಾಲೇಜಿನಾಗೆ ಸಂವೇಗ, ಆವೇಗ ಅಂತ ಬೋರ್ಡ್ ಮ್ಯಾಲೆ ಬರೆಸಿದ್ರು. ಹಂಚು ಕೊಟ್ಟಿದ್ರೆ ಬೇಗ ತಿಳೀತಿತ್ತು."

ಹಾಗಾದರೆ ಹುಣಸೇಮರಕ್ಕೆ ಗುದ್ದಿದ ಜೀಪು ಕೈ ಸೆಟೆಸಿ ನಿಂತಿತ್ತು. ತಾನು ಒಂದಿಷ್ಟೂ ಸುಕ್ಕಾಗದೆ ಪೆಟ್ಟನ್ನೆಲ್ಲ ನಮ್ಮ ಯಜಮಾನರ ಹಲ್ಲಿಗೆ ದಾಟಿಸಿತ್ತು. ನಾವು ಅದನ್ನು ಹೊಗಳಿಕೊಂಡು ಓಡಾಡಿದೆವು.

"ಅವತ್ತು ಮಡ್ಲಾಗೆ ಕೂಸಿದ್ರೆ ಅಂತ ಅಂದು ನಿಲ್ಲಿಸಿದ್ರಲ್ಲ, ಏನದು?" ಎಂದು ಕೇಳಿದೆ. ಈ ಸಲ ಸಿಕ್ಕಿಸಲು ಕೇಳಿದ್ದಲ್ಲ.

ಅವನು ಹುಲ್ಲಿನ ಎಳೆ ಕೀಳುತ್ತಾ ಮೆಲ್ಲಗೆ ಹೇಳಿದ. ಹೊನ್ನಾಳಿ ರಸ್ತೆಯಲ್ಲಿ ಒಂದು ಕಾರು. ದೊಡ್ಡ ಅಪಘಾತವೇನಲ್ಲ, ಮುಂದಿನ ಮೋರೆ ಸ್ವಲ್ಪ ಒಳಗೆ ಹೋಗಿತ್ತು ಅಷ್ಟೇ. ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಮಡಿಲಲ್ಲಿ ಮೊಮ್ಮಗು.

"ಕೂಸು?"

"ಉಳೀತು. ತಲಿಗೆ ಆಪರೇಷನ್ ಆತು. ಈಗ ಓಡಾಡ್ತೈತಂತೆ. ಆದ್ರೆ ಆ ಅಜ್ಜಿ ಅದನ್ನ ಮತ್ತೆ ಎತ್ಕಂಡಿಲ್ವಂತೆ. ಎಷ್ಟು ಕರೆದ್ರೂ ಕೈ ಚಾಚಲ್ವಂತೆ." ಕಿತ್ತ ಎಳೆಯನ್ನು ಎಸೆದು ಹೇಳಿದ: "ಅವ್ರ ಕೈಯಾಗೆ ಶಕ್ತಿ ಇರ್ಲಿಲ್ಲ ಅಂತಲ್ಲ, ಅಜ್ಜಿ. ಅಷ್ಟು ಶಕ್ತಿ ಯಾರ ಕೈಯಾಗೂ ಇರಲ್ಲ. ಹಿಂಗಂದ್ರೆ ನಿಮಗೆ ಬ್ಯಾಸರ ಆಗ್ತೈತೆ ಅಂತ ಹೇಳ್ಲಿಲ್ಲ."

ನಾನು ಎದ್ದು ಹೋಗಿ ಮೊಮ್ಮಗಳ ಕೈಯಿಂದ ಕೂಸನ್ನು ಎತ್ತಿಕೊಂಡೆ. ನಿಂತ ನೆಲದ ಮೇಲೆ, ಎರಡೂ ಕೈಗಳಲ್ಲಿ.

ಆಮೇಲೆ ಕೌದಿ ಇಲ್ಲದೆ ಕುರ್ಚಿ ಬಿಗಿದು ಮತ್ತೊಮ್ಮೆ ಬ್ರೇಕ್ ಹೊಡೆಸಿದೆ. ಕುರ್ಚಿ ಅಲ್ಲಾಡಲಿಲ್ಲ. ಅಳಿಯ ಸಾಕು ಎಂದ. ನಾನು ಸಾಕು ಎನ್ನಲಿಲ್ಲ. ಮಗನ ಕೈಯಿಂದಲೂ ಹೊಡೆಸಿದೆ. ಅದರ ಮೇಲೆ ನನಗೆ ಅನುಮಾನ ಹೋಗಿರಲಿಲ್ಲ, ಅನುಮಾನ ಪಡಲು ಕಾರಣ ಸಿಗಲಿಲ್ಲ ಅಷ್ಟೇ.

ಮರುದಿನ ಮೊಮ್ಮಗಳ ಮಡಿಲು ತುಂಬಿ, ತೊಟ್ಟಿಲನ್ನು ಮಗನ ಜೊತೆ ಗೂಡ್ಸ್ ಗಾಡಿಯಲ್ಲಿ ಮುಂದೆ ಕಳಿಸಿ, ನಾವು ಹೊರಟೆವು. ಹೊಸ್ತಿಲಿನಿಂದ ಕಾರಿನವರೆಗೆ ಕೂಸನ್ನು ನಾನೇ ಎತ್ತಿಕೊಂಡು ಬಂದೆ. ಕುರ್ಚಿಯಲ್ಲಿ ಕೂರಿಸುವ ಮುಂಚೆ ಎರಡೂ ಕೈಯಿಂದ ಅದನ್ನು ಹಿಡಿದು ಜಗ್ಗಿದೆ. ಕೆಳಗೆ ಕೈ ಹಾಕಿ ಸವರಿದೆ. ಸೊಸೆ ಬಾಗಿಲಲ್ಲಿ ನಿಂತು, "ನಾನೇನೂ ಹಾಸಿಲ್ಲ ಅತ್ತೆ," ಎಂದಳು. ಪಟ್ಟಿ ಬಿಗಿದ ಮೇಲೆ ಕೌದಿಯನ್ನು ಕೂಸಿನ ಕಾಲ ಮೇಲೆ ಹೊದೆಸಿದೆ. ಕೀ ತಿರುಗಿಸಿದಾಗ ಕುಂಬಳಕಾಯಿ ಹಿಡಿದವನು ಬಂದನೋ, ಹೋದನೋ ಎಂದು ಹಿಂದಿನಿಂದಲೇ ಕತ್ತು ಚಾಚಿ ನೋಡಿದೆ. ಹೌದು, ನಾನು ಹಿಂದೆ ಕೂತಿದ್ದೆ. ಮುಂದೆ ಮೊಮ್ಮಗಳು. ನನ್ನ ಮೂಗಿನ ಹತ್ತಿರ ನಿಂಬೆಹಣ್ಣು.

ದಾವಣಗೆರೆ ದಾಟಿ ಜಗಳೂರಿನ ದಾರಿ ಹಿಡಿದಾಗ ರಸ್ತೆಯ ಪಕ್ಕ ಉದ್ದಕ್ಕೂ ಮೆಕ್ಕೆಜೋಳ ಒಣಗಿಸಿದ್ದರು. ಗಾಡಿಗಳು ಕಾಳಿನ ಮೇಲೆ ಹತ್ತದಿರಲಿ ಎಂದು ಸುತ್ತ ತಲೆಗಾತ್ರದ ಕಲ್ಲುಗಳನ್ನಿಡುವುದು ನಮ್ಮ ಕಡೆಯ ರೂಢಿ. ಒಂದು ತಿರುವಿನಲ್ಲಿ ಅರ್ಧ ರಸ್ತೆ ಜೋಳ, ಇನ್ನರ್ಧ ರಸ್ತೆಯಲ್ಲಿ ಎದುರಿನಿಂದ ಬಂದ ಟ್ರ್ಯಾಕ್ಟರು. ಅಳಿಯ ಬ್ರೇಕ್ ಒತ್ತಿದ. ಮೈದಾನದಲ್ಲಿ ಒತ್ತಿದ್ದು ಇದರ ಮುಂದೆ ಏನೂ ಅಲ್ಲ. ಬೆಲ್ಟು ನನ್ನನ್ನು ಸೀಟಿಗೆ ಕಟ್ಟಿಹಾಕಿತು, ನಿಂಬೆಹಣ್ಣು ಹಾರಿ ಮುಂದಿನ ಗಾಜಿಗೆ ಬಡಿಯಿತು. ಕಾರು ಕಲ್ಲಿನ ಸಾಲಿಗೆ ಮೊಳ ದೂರದಲ್ಲಿ ನಿಂತಿತು.

ನಾನು ಮೊದಲು ನೋಡಿದ್ದು ಕುರ್ಚಿ. ಕುರ್ಚಿ ಇದ್ದಲ್ಲೇ ಇತ್ತು. ಕೂಸು ಕಣ್ಣು ಬಿಟ್ಟು, ನನ್ನ ಮುಖ ನೋಡಿ, ಬಾಯಿ ಚಪ್ಪರಿಸಿ ಮತ್ತೆ ನಿದ್ದೆ ಹೋಯಿತು.

"ಅಜ್ಜೀ, ಕೂಸು?" ಮೊಮ್ಮಗಳಿಗೆ ಬೆಲ್ಟಿನಿಂದಾಗಿ ಪೂರ್ತಿ ತಿರುಗಲು ಆಗುತ್ತಿರಲಿಲ್ಲ.

"ಮಲ್ಗೈತೆ. ನೀನು ಬೆಲ್ಟ್ ಬಿಚ್ಚಬ್ಯಾಡ."

ಜೋಳ ಹರವುತ್ತಿದ್ದ ಹೆಂಗಸು ಬಂದು ಕಿಟಕಿಯಲ್ಲಿ ಬಗ್ಗಿದಳು. "ನನ್ನ ಕಲ್ಲಿಗೆ ಏನೂ ಆಗಿಲ್ಲ ತಾನೇ?" ಎಂದಳು. ನನಗೆ ಅವಳು ತಕ್ಷಣ ಇಷ್ಟವಾದಳು.

ಸೊಕ್ಕೆಯಲ್ಲಿ ಬೀಗಿತಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ಬರಿಗೈಯಲ್ಲಿ ಹಿಂದಿನ ಬಾಗಿಲಿನಿಂದ ಇಳಿದದ್ದನ್ನು ನೋಡಿ ಅವರ ಹುಬ್ಬು ಮೇಲಕ್ಕೆ ಹೋಯಿತು.

"ಏನ್ರೀ ಬೀಗರೇ, ಕೂಸಿನ ಮಡ್ಲಾಗೆ ಹಾಕ್ಕಂಡು ಬರ್ಲಿಲ್ವಾ? ನಮ್ಮ ಕಡೆ ಹಂಗೆ ಮಾಡಲ್ಲ."

"ನೆಲಕ್ಕೆ ಇಳಿಸಿಲ್ಲ ಬೀಗರೇ. ಕುರ್ಚಿ ಏನು ನೆಲವಾ? ಮಡ್ಲು ಹೊಸ್ತಿಲಿಗೆ. ದಾರಿಗೆ ಬೆಲ್ಟು."

ಬಕ್ಕಲು ಬಿಚ್ಚಿ ಕೂಸನ್ನು ಎತ್ತಿಕೊಂಡೆ. ಆರತಿಯಾಯಿತು, ಹೊಸ್ತಿಲು ದಾಟಿದೆ. ನಡುಮನೆಯ ಚಾಪೆಯ ಮೇಲೆ ಕೂತು, ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಬಹಳ ಹೊತ್ತು ಯಾರಿಗೂ ಕೊಡಲಿಲ್ಲ. ಬೀಗಿತಿ ಎರಡು ಸಲ ಕೈ ಚಾಚಿದರು. ನನಗೆ ಕಾಣಿಸಲಿಲ್ಲ.

ಅಷ್ಟರಲ್ಲಿ ಡಿಕ್ಕಿಯಿಂದ ಸಾಮಾನು ಇಳಿಸುತ್ತಿದ್ದವರು ಹಸಿರು ಕುಲಾವಿ ಹಾಕಿದ ಕುಂಬಳಕಾಯಿಯನ್ನು ತಂದು ನಡುಮನೆಯಲ್ಲಿಟ್ಟರು. ಕುರ್ಚಿಯಲ್ಲಿ ಕೂತು ಉಳಿದದ್ದು ಅದು. ಸಾರಿಗಾಗಲಿ ಎಂದು ನಾನೇ ಹಾಕಿಸಿದ್ದೆ. ಕುಲಾವಿ ಬಿಚ್ಚುವುದು ಮರೆತಿತ್ತು.

"ಇದು ಯಾರ ಕೂಸ್ರೀ?" ಎಂದರು ಬೀಗಿತಿ.

ಅಳಿಯ ಬಂದು ಅದನ್ನು ಎತ್ತಿಕೊಂಡ. ಕುಲಾವಿಯ ದಾರ ಬಿಚ್ಚಿ, ಹಪ್ಪಳ ತಿರುಗಿಸುವಂತೆ ಕಾಯಿಯನ್ನು ಒಂದು ಸುತ್ತು ತಿರುಗಿಸಿ ನೋಡಿದ.

"ಎಲ್ಲೂ ಪೆಟ್ಟಾಗಿಲ್ಲ," ಎಂದ.

"ಕೊಡಿ ಇಲ್ಲಿ," ಎಂದು ನಾನು ಇಸಿದುಕೊಂಡು ಇನ್ನೊಂದು ಸಲ ನೋಡಿದೆ.